ಪೇಪರಣ್ಣನ ಚೀಟಿ

ಕಳೆದ ತಿಂಗಳು ಹೊಸಪೇಟೆಯಲ್ಲಿ ತೀರಿಕೊಂಡ ಒಬ್ಬರ ಬಗ್ಗೆ ನಮ್ಮ ಪತ್ರಿಕೆಯ ನಿಧನ ವಾರ್ತೆಯ ಅಂಕಣದಲ್ಲಿ ಐದು ಸಾಲು ಬಂದಿತ್ತು. ಬರೆದವನು ನಾನೇ. ಹೆಸರು, ವಯಸ್ಸು, ಪತ್ನಿ, ಒಬ್ಬ ಮಗಳು, ಅಂತ್ಯಕ್ರಿಯೆ ನಡೆದ ಸ್ಥಳ. ಅಷ್ಟಕ್ಕೆ ಜಾಗ ಮುಗಿಯಿತು. ಆ ಐದು ಸಾಲಿನಲ್ಲಿ ತಪ್ಪೇನೂ ಇರಲಿಲ್ಲ. ಆ ಮನುಷ್ಯನೂ ಇರಲಿಲ್ಲ.

ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ. ನಿಮ್ಮ ಬಗ್ಗೆ ಒಂದು ದಿನ ಬರೆಯುತ್ತೇನೆ ಎಂದು ಹೇಳಿದಾಗ ಅವರು ಕೊಟ್ಟ ಉತ್ತರ ಇದು: "ಬರೀರಿ ಸರ್. ಹೆಸರು ಮಾತ್ರ ಹಾಕಬ್ಯಾಡ್ರಿ. ಹೆಸರು ಹಾಕಿದ್ರ ಮಂದಿ ನನ್ನ ನೋಡ್ತಾರ, ನೀವು ಬರದದ್ದು ಓದಂಗಿಲ್ಲ." ಊರಿಗೆಲ್ಲ ಅವರು ಪೇಪರಣ್ಣ. ನಾನೂ ಹಾಗೇ ಕರೆಯುತ್ತಿದ್ದೆ.

ಮೂವತ್ತು ವರ್ಷ ಅವರು ಹೊಸಪೇಟೆಯ ಹಳೆಯ ಓಣಿಗಳಿಗೆ ದಿನಪತ್ರಿಕೆ ಹಾಕಿದರು. ನಾನು ಈ ಊರಿಗೆ ವರದಿಗಾರನಾಗಿ ಬಂದ ಮೊದಲ ವಾರವೇ ಅವರನ್ನು ಕಂಡೆ. ನಮ್ಮ ಕಚೇರಿ ಬಸ್ ನಿಲ್ದಾಣದ ಹತ್ತಿರ ಒಂದು ಕಟ್ಟಡದ ಮಹಡಿಯ ಮೇಲಿತ್ತು. ಕೆಳಗೆ ಸಾಲು ಅಂಗಡಿಗಳು. ಅವು ಬಾಗಿಲು ತೆರೆಯುವ ಮೊದಲೇ, ಬಳ್ಳಾರಿಯಿಂದ ವ್ಯಾನಿನಲ್ಲಿ ಬಂದ ಪತ್ರಿಕೆಯ ಬಂಡಲ್‌ಗಳು ಆ ಮೆಟ್ಟಿಲುಗಳ ಮೇಲೆ ಇಳಿಯುತ್ತಿದ್ದವು. ಹಂಚುವವರು ಅಲ್ಲೇ ಕುಳಿತು ತಮ್ಮ ಲೈನಿಗೆ, ಅಂದರೆ ತಮಗೆ ವಹಿಸಿದ ಓಣಿಗಳಿಗೆ, ಬೇಕಾದಷ್ಟು ಪ್ರತಿ ಬಿಡಿಸಿಕೊಂಡು, ಒಳಗೆ ಕರಪತ್ರ ಸೇರಿಸಿ, ಸೈಕಲ್ಲಿಗೆ ಹೇರಿಕೊಂಡು ಹೊರಡುತ್ತಿದ್ದರು.

ಪೇಪರಣ್ಣನ ಲೈನಿನಲ್ಲಿ ನೂರೈವತ್ತಕ್ಕೂ ಹೆಚ್ಚು ಮನೆಗಳಿದ್ದವು. ಐದು ಪತ್ರಿಕೆಗಳು: ಮೂರು ಕನ್ನಡ, ಒಂದು ತೆಲುಗು, ಒಂದು ಇಂಗ್ಲಿಷ್. ಉಳಿದವರ ಜೇಬಿನಲ್ಲಿ ಮನೆಗಳ ಪಟ್ಟಿ ಇರುತ್ತಿತ್ತು. ಇವರ ಜೇಬಿನಲ್ಲಿ ಎಲೆ ಅಡಿಕೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆದರೂ ಒಂದು ಮನೆಗೆ ತಪ್ಪು ಪತ್ರಿಕೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಎಸೆಯುವ ರೀತಿಯಲ್ಲೂ ಅವರದೇ ಒಂದು ಶಿಸ್ತಿತ್ತು. ನೆಲಮಟ್ಟದ ಮನೆಗೆ ಒಂದು ಮಡಿಕೆ, ಮಹಡಿಗೆ ಮೂರು ಮಡಿಕೆ. ಸೈಕಲ್ ನಿಲ್ಲಿಸುತ್ತಿರಲಿಲ್ಲ, ಎಡಗಾಲು ನೆಲಕ್ಕೆ ತಾಕಿಸಿ, ಬಲಗೈ ಬೀಸಿದರೆ ಪತ್ರಿಕೆ ಹೊಸ್ತಿಲ ಮುಂದೆ ಹೋಗಿ ಕೂರುತ್ತಿತ್ತು. ಒಮ್ಮೆಯೂ ಹಸಿ ರಂಗೋಲಿಯ ಮೇಲೆ ಬಿದ್ದದ್ದಿಲ್ಲ. ಹೊಸದಾಗಿ ಲೈನಿಗೆ ಬಂದವರಿಗೆ ಹೇಳುತ್ತಿದ್ದರು: "ಪೇಪರ್ ಒಗಿಬಾರ್ದು. ಕುಂದರ್ಸಬೇಕು."

ಅವರಿಗೆ ಓದಲು ಬರುತ್ತಿರಲಿಲ್ಲ.

ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವರು ಸಂಡೂರು ತಾಲ್ಲೂಕಿನವರು, ಚೋರನೂರಿನ ಕಡೆಯ ಒಂದು ಹಳ್ಳಿ. ಅಪ್ಪ ಅಮ್ಮ ಗಣಿಯಲ್ಲಿ ಅದಿರು ಆರಿಸುವ ಕೂಲಿಗೆ ಹೋಗುತ್ತಿದ್ದರು. ಎಂಟು ವರ್ಷಕ್ಕೆ ಇವರೂ ಜೊತೆಗೆ ಹೋದರು. ಮದುವೆಯಾದ ಮೇಲೆ ಹೊಸಪೇಟೆಗೆ ಬಂದು ಮೊದಲು ಹಮಾಲಿ ಮಾಡಿದರು, ಆಮೇಲೆ ಪತ್ರಿಕೆಗೆ ಸೇರಿದರು. "ಅದಿರು ಆರಿಸಿದ ಕಣ್ಣು ಸರ್. ಬಣ್ಣ ನೋಡಿದ್ರ ಸಾಕಿತ್ತು" ಎಂದು ಆಮೇಲೊಮ್ಮೆ ವಿವರಿಸಿದರು. ಪತ್ರಿಕೆಯ ಹೆಸರು ಕೆಂಪಗಿದ್ದರೆ ಒಂದು, ನೀಲಿ ಇದ್ದರೆ ಇನ್ನೊಂದು, ಕಪ್ಪು ಇದ್ದರೆ ಮತ್ತೊಂದು. ಹಸಿರು ತೆಲುಗಿನದು. ಇಂಗ್ಲಿಷಿನದು ಕಡ್ಡಿ ಅಕ್ಷರ, ಉಳಿದವೆಲ್ಲ ದುಂಡ ಅಕ್ಷರ. ಅವರು ಕಲಿತಿದ್ದ ಅಕ್ಷರಜ್ಞಾನ ಇಷ್ಟೇ.

ಇನ್ನೊಂದು ಅನುಕೂಲವೂ ಇತ್ತು. ವ್ಯಾನಿನ ಚಾಲಕ ಖಾಜಾಸಾಬ್ ಬಂಡಲ್‌ಗಳನ್ನು ಯಾವತ್ತೂ ಒಂದೇ ಕ್ರಮದಲ್ಲಿ ಇಳಿಸುತ್ತಿದ್ದರು. ಮೊದಲ ಮೆಟ್ಟಿಲಿಗೆ ಕೆಂಪು, ಎರಡನೆಯದಕ್ಕೆ ನೀಲಿ, ಹೀಗೆ. ಇಳಿಸಿದ ಮೇಲೆ ಇಬ್ಬರೂ ಒಂದು ಚಹಾ ತರಿಸಿ ಅರ್ಧರ್ಧ ಕುಡಿಯುತ್ತಿದ್ದರು. ಆಮೇಲೆ ವ್ಯಾನು ಕಂಪ್ಲಿಗೆ ಹೋಗುತ್ತಿತ್ತು, ಸೈಕಲ್ಲು ಓಣಿಗೆ. ಹನ್ನೆರಡು ವರ್ಷ ಇದು ತಪ್ಪಿರಲಿಲ್ಲ.

ಒಂದು ಹಬ್ಬದ ಮುಂಚೆ ಯಾವುದೋ ಚಿನ್ನದ ಅಂಗಡಿಯವರು ಐದೂ ಪತ್ರಿಕೆಗಳಿಗೆ ಒಂದೇ ಮುಖಪುಟ ಜಾಹೀರಾತು ಕೊಟ್ಟರು. ಹಾರ ತೊಟ್ಟ ಒಬ್ಬಳು ಮದುಮಗಳ ಮುಖ ಪುಟದ ತುಂಬ. ಪತ್ರಿಕೆಯ ಹೆಸರು ಮೇಲಿನ ಅಂಚಿನಲ್ಲಿ ಸಣ್ಣದಾಗಿ, ಎಲ್ಲದಕ್ಕೂ ಒಂದೇ ಚಿನ್ನದ ಬಣ್ಣದಲ್ಲಿ. ಅದೇ ದಿನ ವ್ಯಾನು ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡು ಮುಕ್ಕಾಲು ಗಂಟೆ ತಡವಾಯಿತು. ಖಾಜಾಸಾಬ್ ಅವಸರದಲ್ಲಿ ಎಲ್ಲ ಬಂಡಲ್‌ಗಳನ್ನೂ ಒಂದೇ ಕಡೆ ಸುರಿದು, ಚಹಾಕ್ಕೂ ನಿಲ್ಲದೆ ಕಂಪ್ಲಿಗೆ ಹೊರಟರು.

ಬಂಡಲ್‌ಗಳ ಮೇಲೆ ಎಂದಿನಂತೆ ಪತ್ರಿಕೆಯ ಹೆಸರಿದ್ದ ಚೀಟಿ ಅಂಟಿಸಿತ್ತು. ಪಕ್ಕದಲ್ಲಿ ಮೂರು ಜನ ಕುಳಿತಿದ್ದರು, ಕೇಳಬಹುದಿತ್ತು. ಪೇಪರಣ್ಣ ಕೇಳಲಿಲ್ಲ. ಕಡ್ಡಿ ಅಕ್ಷರದ ಇಂಗ್ಲಿಷನ್ನು ಬೇರೆ ಮಾಡಿದರು. ಉಳಿದ ನಾಲ್ಕನ್ನು ಅಂದಾಜಿನ ಮೇಲೆ ಬಿಡಿಸಿಕೊಂಡು ಹೊರಟರು.

ಒಂಬತ್ತು ಗಂಟೆಯೊಳಗೆ ಪತ್ರಿಕೆಗಳ ಏಜೆಂಟರ ಫೋನಿಗೆ ಬಿಡುವಿಲ್ಲದಂತಾಯಿತು. ಅಕ್ಕಿ ಗಿರಣಿಯ ಮಾಲೀಕರೊಬ್ಬರು ಮನೆಯಲ್ಲಿ ತೆಲುಗು ಓದುವವರು. ಅವರಿಗೆ ಕನ್ನಡ ಬಿದ್ದಿತ್ತು. ಎರಡು ಓಣಿ ಆಚೆ ಇದ್ದ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರಿಗೆ ತೆಲುಗು ಬಿದ್ದಿತ್ತು. ನಡುವಿನ ಮನೆಗಳಲ್ಲಿ ಯಾರದ್ದು ಯಾರಿಗೋ.

ಆವತ್ತು ಮೆಟ್ಟಿಲ ಹತ್ತಿರ ನಾನೂ ಚಹಾ ಕುಡಿಯುತ್ತ ನಿಂತಿದ್ದೆ. ಏಜೆಂಟರು ಬೈಕ್ ನಿಲ್ಲಿಸುವ ಮೊದಲೇ ಶುರು ಮಾಡಿದರು.

"ಏನೋ ಪೇಪರಣ್ಣ, ಒಂದು ದಿನ ತಪ್ಪದವ ಇವತ್ತು ಇಡೀ ಓಣಿ ಕಲಸಿ ಇಟ್ಟೀಯಲ್ಲ?"

ಪೇಪರಣ್ಣ ಸೈಕಲ್ಲಿನ ಹ್ಯಾಂಡಲ್ ಒರೆಸುತ್ತ ಹೇಳಿದರು: "ನಾ ಏನ್ ಮಾಡ್ಲಿರಿ. ಖಾಜಾ ಬಂಡಲ್ ಅದಲು ಬದಲು ಹಾಕ್ಯಾನ."

ಮಾರನೆಯ ದಿನ ಖಾಜಾಸಾಬ್ ವ್ಯಾನಿನಿಂದ ಇಳಿದು ನೇರವಾಗಿ ಅವರ ಮುಂದೆ ಬಂದು ನಿಂತರು. "ಚೀಟಿ ಹಚ್ಚಿರತಾರಲ್ಲಲೇ! ಓದಾಕ ಏನಾಗಿತ್ತು ನಿನಗ?"

"ಜಲ್ದಿ ಒಳಗ ಯಾರು ಚೀಟಿ ನೋಡ್ತಾರ?" ಎಂದರು ಪೇಪರಣ್ಣ. ಮುಖ ನೋಡಲಿಲ್ಲ.

ತಡವಾಗಿ ಬರುತ್ತಾನೆ ಎಂದು ಏಜೆಂಟರಿಗೆ ಖಾಜಾಸಾಬರ ಮೇಲೆ ಮೊದಲೇ ಸಿಟ್ಟಿತ್ತು. ಆ ವಾರವೇ ವ್ಯಾನಿಗೆ ಬೇರೆ ಚಾಲಕ ಬಂದರು. ಖಾಜಾಸಾಬ್ ಕೀಲಿ ಒಪ್ಪಿಸಲು ಬಂದರು. ಪೇಪರಣ್ಣನ ಕಡೆ ತಿರುಗಿ, "ಹನ್ನೆರಡು ವರ್ಷ ಒಂದ ಕಪ್ಪಿನಾಗ ಚಹಾ ಕುಡದೀವಲೇ" ಎಂದಷ್ಟೇ ಹೇಳಿ ಹೋದರು. ಕುರೆಕುಪ್ಪದಲ್ಲಿ ಉಕ್ಕಿನ ಕಾರ್ಖಾನೆಯ ಕಾರ್ಮಿಕರನ್ನು ಕರೆದೊಯ್ಯುವ ಬಸ್ಸಿಗೆ ಚಾಲಕರಾದರು ಎಂದು ಆಮೇಲೆ ಕೇಳಿದೆ.

ಚೀಟಿಯ ಮಾತು ನನ್ನ ಕಿವಿಗೂ ಬಿದ್ದಿತ್ತು. ಅನುಮಾನ ಬರಲಿಲ್ಲ. ವರದಿಗಾರನಾದವನು ಇದನ್ನು ದಾಖಲಿಸಬೇಕು, ದಾಖಲಿಸಿದ್ದೇನೆ.

ಅನುಮಾನ ಬಂದದ್ದು ಆ ನಿವೃತ್ತ ಶಿಕ್ಷಕಿಗೆ. ಅವರನ್ನು ಓಣಿಯವರೆಲ್ಲ ಟೀಚರಮ್ಮ ಎನ್ನುತ್ತಿದ್ದರು. ಮುಂದಿನದು ನಾನು ಕಂಡದ್ದಲ್ಲ, ಅವರು ಹೇಳಿದ್ದು. ಪೇಪರಣ್ಣನೂ ಹೌದೆಂದು ಒಪ್ಪಿದ್ದು.

ತಪ್ಪು ಪತ್ರಿಕೆ ಬಿದ್ದ ಮಾರನೆಯ ದಿನ ಟೀಚರಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಹಿಂದಿನ ದಿನದ ತೆಲುಗು ಪತ್ರಿಕೆ.

"ಇದು ಯಾವ ಭಾಷಾದೋ?"

ಪೇಪರಣ್ಣ ನೋಡಿದರು. ದುಂಡ ಅಕ್ಷರ. "ಕನ್ನಡ್ರಿ."

"ಹೌದಾ? ಒಂದು ಸಾಲು ಓದು ನೋಡೋಣ."

"ಚಾಳೀಸು ತಂದಿಲ್ರಿ ಟೀಚರಮ್ಮ."

ಟೀಚರಮ್ಮ ತಮ್ಮ ಕನ್ನಡಕ ತೆಗೆದು ಕೊಟ್ಟರು. "ನಂದು ಹಾಕ್ಕೋ."

ಅವರು ಹಾಕಿಕೊಂಡರಂತೆ. ಸೈಕಲ್ಲಿಗೆ ಒರಗಿ ನಿಂತು ಬಹಳ ಹೊತ್ತು ಪುಟವನ್ನೇ ನೋಡಿದರಂತೆ. ಆಮೇಲೆ ಕನ್ನಡಕ ವಾಪಸು ಕೊಟ್ಟು, "ಯಾರಿಗೂ ಹೇಳಬ್ಯಾಡ್ರಿ ಟೀಚರಮ್ಮ, ಕೈ ಮುಗೀತೀನಿ" ಎಂದರು.

"ಹೇಳಂಗಿಲ್ಲ. ಆದ್ರ ನಾಳಿಂದ ನನಗ ಪೇಪರ್ ಒಗಿಯಂಗಿಲ್ಲ. ಗೇಟಿನ ಗಂಟಿ ಬಾರಿಸು. ಒಂದು ಅಕ್ಷರ ಕಲ್ತು, ಆಮೇಲೆ ಕೊಟ್ಟು ಹೋಗು."

ಆಗ ಅವರಿಗೆ ಐವತ್ಮೂರು ವರ್ಷ. ಓದಿದ ಮಗಳು ಇದ್ದಳು, ಕಂಪ್ಲಿ ಸೇತುವೆಯಾಚೆಯ ಒಂದು ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಅವಳ ಹತ್ತಿರ ಯಾಕೆ ಕಲಿಯಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ಮಗಳ ಮುಂದ ಕುಂತು ಅ ಆ ಅನ್ನಾಕ ಬಾಯಿ ಬರವಲ್ದು ಸರ್" ಎಂದರು.

ಟೀಚರಮ್ಮ ಒಂದನೇ ತರಗತಿಗೆ ಕಲಿಸುತ್ತಿದ್ದ ಕ್ರಮದಲ್ಲೇ ಶುರು ಮಾಡಿದರು: ರ, ಗ, ಸ, ದ, ಅ. ಪಾಟಿಯಿಲ್ಲ, ಪುಸ್ತಕವಿಲ್ಲ. ಗೇಟಿನ ಮೇಲೆ ಹಳೆಯ ಪತ್ರಿಕೆ ಇಟ್ಟು, ಒಂದು ಅಕ್ಷರಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ ತೋರಿಸುತ್ತಿದ್ದರು. ಹೋಂವರ್ಕ್ ಏನೆಂದರೆ, ಆ ಅಕ್ಷರ ಇಡೀ ಪುಟದಲ್ಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಸುತ್ತು ಹಾಕಿ ತರಬೇಕು. ಲೈನು ಮುಗಿಸಿದ ಮೇಲೆ ಪೇಪರಣ್ಣ ಚಹಾದಂಗಡಿಯ ಮೂಲೆಯ ಬೆಂಚಿನಲ್ಲಿ ಕುಳಿತು, ಪುಟವನ್ನು ತೊಡೆಯ ಮೇಲೆ ಹರಡಿಕೊಂಡು ಸುತ್ತು ಹಾಕುತ್ತಿದ್ದರು.

ನಮ್ಮ ಕಡೆ ದಿನಪತ್ರಿಕೆಯಲ್ಲಿ ಕೆಂಪು ಸುತ್ತು ಹಾಕುವವರ ಬಗ್ಗೆ ಜನ ಯೋಚಿಸುವುದು ಒಂದೇ. ಮಟ್ಕಾ. ಪೇಪರಣ್ಣ ಮಟ್ಕಾಕ್ಕೆ ಬಿದ್ದರು ಎಂಬ ಸುದ್ದಿ ವಾರದೊಳಗೆ ಬಸ್ ನಿಲ್ದಾಣದ ತುಂಬ ಹರಡಿತು. ಒಂದು ದಿನ ಪೇದೆಯೊಬ್ಬರು ಬೆಂಚಿನ ಹತ್ತಿರ ಬಂದು ನಿಂತರು. ಇದನ್ನು ನನಗೆ ಹೇಳಿದವರು ಆ ಪೇದೆಯೇ, ನಗುತ್ತ, ಎಷ್ಟೋ ದಿನಗಳ ಮೇಲೆ.

"ಏನ್ ಪೇಪರಣ್ಣ, ಇವತ್ತು ಯಾವ ನಂಬರು?"

"ನಂಬರ್ ಇಲ್ರಿ ಸಾಹೇಬ್ರ."

"ಮತ್ತ ಈ ಗುಂಡು ಗುಂಡು ಏನು?"

ಪೇಪರಣ್ಣ ಪುಟ ಮಡಚಲು ಹೋದರು. ಪೇದೆ ಆ ಪುಟವನ್ನೇ ಠಾಣೆಗೆ ಒಯ್ದರು. ಅಲ್ಲಿ ಮೂವರು ಸೇರಿ ನೋಡಿದರು. ಸುತ್ತಿನೊಳಗೆ ಒಂದೂ ಅಂಕಿಯಿಲ್ಲ. ನೂರಾರು ಸುತ್ತು, ಎಲ್ಲದರಲ್ಲೂ ಒಂದೇ ಅಕ್ಷರ, ಗ. "ಹೊಸ ಕೋಡ್ ಬಂದೈತೇನಲೇ? ಗ ಅಂದ್ರ ಎಷ್ಟು?" ಎಂದು ಮತ್ತೆ ಬಂದು ಕೇಳಿದರು. ಇವರು ತಲೆ ತಗ್ಗಿಸಿ ಕುಳಿತರು. ಕೊನೆಗೆ ಗದರಿಸಿ ಬಿಟ್ಟು ಹೋದರು.

ನಿಜ ಹೇಳಿಬಿಡಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು: "ಮಟ್ಕಾ ಆಡ್ತಾನ ಅಂದ್ರ ಮಂದಿ ಬೈತಾರ. ಮೂವತ್ತು ವರ್ಷ ಪೇಪರ್ ಹಾಕಿದವಗ ಅಕ್ಷರ ಬರಂಗಿಲ್ಲ ಅಂದ್ರ ನಗ್ತಾರ. ಬೈಸ್ಕೊಂಡು ಇರಬಹುದು ಸರ್."

ಬೈಯುವುದರಲ್ಲಿ ಅವರ ಹೆಂಡತಿಯೂ ಹಿಂದೆ ಬೀಳಲಿಲ್ಲ. ಸುದ್ದಿ ಕಿವಿಗೆ ಬಿದ್ದ ದಿನದಿಂದ ಗಂಡನ ಜೊತೆ ಮಾತು ಬಿಟ್ಟರು. ಹದಿನೈದು ದಿನ ನೋಡಿ, ಬುದ್ಧಿ ಹೇಳಿಸಲು ಯಾರೂ ಸಿಗದೆ ಟೀಚರಮ್ಮನ ಹತ್ತಿರವೇ ದೂರು ಒಯ್ದರು. ಟೀಚರಮ್ಮ ಕೊಟ್ಟ ಮಾತು ಮುರಿಯಬೇಕಾಯಿತು. ಆ ಸಂಜೆ ಹೆಂಡತಿ ರೊಟ್ಟಿ ಬಡಿಯುತ್ತ, ಮುಖ ತಿರುಗಿಸದೆ ಹೇಳಿದರಂತೆ: "ಮಟ್ಕಾ ಆಗಿದ್ರ ಕಾಲು ಮುರಿದು ಬಿಡಸ್ತಿದ್ದೆ. ಇದನ್ನ ಬಿಟ್ಟೆಪಾ ಅಂದ್ರ ನೋಡು."

ಬಿಡಲಿಲ್ಲ. ಕಾಗುಣಿತಕ್ಕೆ ನಾಲ್ಕು ತಿಂಗಳು, ಒತ್ತಕ್ಷರಕ್ಕೆ ಇನ್ನೂ ಹೆಚ್ಚು. "ಒತ್ತಕ್ಷರ ಅಂದ್ರ ಸೈಕಲ್ ಮ್ಯಾಲ ಡಬಲ್ ಹೋದಂಗ ಸರ್. ಕುಂತವರು ಇಬ್ಬರು, ತುಳಿಯಾವ ಒಬ್ಬನ" ಎನ್ನುತ್ತಿದ್ದರು. ಅಕ್ಷರ ಪದವಾಗಿ, ಪದ ಸಾಲಾದ ಮೇಲೆ ಟೀಚರಮ್ಮನ ಗೇಟಿನಲ್ಲಿ ಪಾಠ ಬದಲಾಯಿತು: ದಿನಕ್ಕೊಂದು ತಲೆಬರಹ ಗಟ್ಟಿಯಾಗಿ ಓದಿ ಪತ್ರಿಕೆ ಕೊಡುವುದು. ಎದುರು ಮನೆಯವರು ರೇಡಿಯೊ ಹಾಕಿದ್ದಾರೆ ಎಂದುಕೊಂಡಿದ್ದರಂತೆ.

ಒಂದೂವರೆ ವರ್ಷ ಕಳೆದಿರಬೇಕು. ಮಳೆಗಾಲ. ಜಲಾಶಯದಿಂದ ನೀರು ಬಿಟ್ಟಿದ್ದರು. ಎಂದಿನಂತೆ ಕಂಪ್ಲಿಯ ಸೇತುವೆ ಮುಳುಗಿತ್ತು, ಎಂದಿನಂತೆ ನಾನು ಸುದ್ದಿ ಬರೆದಿದ್ದೆ. ಮಧ್ಯಾಹ್ನ ಪೇಪರಣ್ಣ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಅಷ್ಟು ವರ್ಷದಲ್ಲಿ ಮೊದಲ ಸಲ. ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿ, ಬೆರಳಿಟ್ಟು, ನಾನು ಬರೆದ ಮೊದಲ ಪ್ಯಾರಾವನ್ನು ಪದಕ್ಕೊಮ್ಮೆ ನಿಂತು ಪೂರ್ತಿ ಓದಿದರು. ಓದಿ ಮುಗಿಸಿ ಕೇಳಿದರು.

"ಸೇತುವಿ ಮುಳುಗೈತಿ ಅಂತ ಬರದೀರಿ. ಎಷ್ಟು ನೀರು ಬಿಟ್ರು ಅಂತ ಬರದೀರಿ. ಆ ಕಡಿ ಇದ್ದ ಮಂದಿ ಈ ಕಡಿ ಹೆಂಗ ಬಂದ್ರು, ಅದನ್ನ ಬರದಿಲ್ಲಲ್ರಿ? ನನ್ನ ಮಗಳು ಬರಬೇಕಾಗಿತ್ತು."

ಪ್ರತಿ ವರ್ಷ ಅದೇ ಸುದ್ದಿಯನ್ನು ಬರೆದಿದ್ದೆ. ಯಾವ ಸಂಪಾದಕರೂ ಈ ಪ್ರಶ್ನೆ ಕೇಳಿರಲಿಲ್ಲ. ಮಾರನೆಯ ದಿನದ ವರದಿಯಲ್ಲಿ ಜನ ಯಾವ ದಾರಿಯಿಂದ ಸುತ್ತಿ ಬರುತ್ತಿದ್ದಾರೆ, ಯಾವ ಬಸ್ಸು ಎಲ್ಲಿವರೆಗೆ ಹೋಗುತ್ತಿದೆ ಎಂದು ಬರೆದೆ. ಆವತ್ತಿನಿಂದ ಈವರೆಗೆ ಪ್ರವಾಹದ ಸುದ್ದಿಯನ್ನು ಆ ಸಾಲಿಲ್ಲದೆ ಕಳಿಸಿಲ್ಲ.

ಆ ದಿನವೇ ಅವರು ತಮ್ಮ ಗುಟ್ಟನ್ನು ನನಗೆ ಹೇಳಿದರು. ಹೇಳುವಾಗ ನಾಚಿಕೆಗಿಂತ ಹೆಚ್ಚಾಗಿ ಒಂದು ಹಮ್ಮು ಇತ್ತು. ಅದು ಅವರಿಗೆ ಒಪ್ಪುತ್ತಿತ್ತು.

ಮುಂದೆ ವಾರಕ್ಕೊಮ್ಮೆ ಬರತೊಡಗಿದರು. ನಿಧಾನ ಓದುವವರಾದ್ದರಿಂದ ಏನನ್ನೂ ಬಿಡುತ್ತಿರಲಿಲ್ಲ. ಟೆಂಡರ್ ಪ್ರಕಟಣೆ, ಕಳೆದುಹೋದ ಅಂಕಪಟ್ಟಿ, ಮುದ್ರಕರ ಹೆಸರು, ಎಲ್ಲ. ನಾನು ಬರೆದದ್ದನ್ನು ಊರಿನಲ್ಲಿ ಕೊನೆಯ ಸಾಲಿನವರೆಗೆ ಓದುತ್ತಿದ್ದವರು ಬಹುಶಃ ಅವರೊಬ್ಬರೇ.

ಒಂದು ಭಾನುವಾರ ಹಂಪಿಗೆ ಹೋಗಿ ಬಂದಿದ್ದರು. ಮಾರನೆಯ ದಿನ ಕಚೇರಿಗೆ ಬಂದವರೇ ಕುರ್ಚಿ ಎಳೆದು ಕುಳಿತು ನಗತೊಡಗಿದರು.

"ಸರ್, ಮದುವ್ಯಾದಾಗಿಂದ ಹಂಪಿ ನೋಡಾಕತ್ತೀನಿ. ನಿನ್ನೆ ಓದಿದೆ."

"ಏನು ಓದಿದಿರಿ?"

"ಎಲ್ಲಾ ಬೋರ್ಡು. ಹೊಳಿ ದಂಡಿಗೆ ಒಂದು ಬೋರ್ಡ್ ಐತಿ ನೋಡ್ರಿ. 'ಮೊಸಳೆಗಳಿವೆ, ನೀರಿಗೆ ಇಳಿಯಬೇಡಿ' ಅಂತ. ಇಷ್ಟು ವರ್ಷ ಆ ಬೋರ್ಡಿಗೇ ನನ್ನ ಅಂಗಿ ತೂಗಾಕಿ ಜಳಕ ಮಾಡೀನಿ!"

ಕಚೇರಿಯಲ್ಲಿದ್ದವರೆಲ್ಲ ನಕ್ಕೆವು. ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಗು ಇಳಿದ ಮೇಲೆ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಮೇಜಿನ ಮೇಲಿನ ಪತ್ರಿಕೆಯ ಅಂಚು ಸರಿ ಮಾಡುತ್ತ ಕುಳಿತರು.

"ಸರ್, ಪೇಪರ್‌ನಾಗ ತಪ್ಪು ಬಂದ್ರ ಏನು ಮಾಡ್ತೀರಿ?"

"ತಿದ್ದುಪಡಿ ಹಾಕ್ತೀವಿ."

"ಎಲ್ಲಿ?"

"ಒಳಗಿನ ಪುಟದಲ್ಲಿ."

"ಮೊದಲ ಪುಟದಾಗ ತಪ್ಪಾಗಿದ್ರ?"

"ಆಗಲೂ ಒಳಗೇ. ಸಣ್ಣದಾಗಿ."

"ತಪ್ಪು ದೊಡ್ಡದು, ತಿದ್ದಿದ್ದು ಸಣ್ಣದು. ಹೌದಲ್ರಿ?" ಎಂದರು. ಮತ್ತೆ ಕೇಳಿದರು: "ಎಷ್ಟು ದಿನದೊಳಗ ಹಾಕಬೇಕು?"

"ಮಾರನೇ ದಿನ."

"ಮೂರು ವರ್ಷ ಆಗಿದ್ರ?"

ಆಗ ಖಾಜಾಸಾಬರ ವಿಷಯ ಹೇಳಿದರು. ಮೆಟ್ಟಿಲ ಹತ್ತಿರ ಆಡಿದ ಮಾತು ನನಗೆ ನೆನಪಿತ್ತು, ಅದು ಸುಳ್ಳೆಂಬುದು ಈಗ ಗೊತ್ತಾಯಿತು. ಓದು ಬಂದ ಮೇಲೆ ಅವರು ಪ್ರತಿದಿನ ಬಂಡಲ್ ಮೇಲಿನ ಚೀಟಿಯನ್ನು ಓದುತ್ತಿದ್ದರಂತೆ. ಓದಿದಷ್ಟು ಸಲವೂ ಅದು ಕಣ್ಣಿಗೆ ಚುಚ್ಚುತ್ತಿತ್ತಂತೆ. "ಮೂರು ಅಕ್ಷರ ಸರ್. ಮೂರು ಅಕ್ಷರಕ್ಕ ಅವನ ಕೆಲಸ ಹೋತು. ಒಪ್ಕೊಂಡಿದ್ರ ನನ್ನ ಮರ್ಯಾದಿ ಹೋಗತಿತ್ತು. ಅದನ್ನ ಉಳಿಸ್ಕೊಂಡು ಕುಂತೆ."

ನಾನು ಸಲಹೆ ಕೊಡಲಿಲ್ಲ. ಅವರು ಕೇಳಲೂ ಇಲ್ಲ.

ಮರುವರ್ಷ ಮೊಣಕಾಲು ಕೈಕೊಟ್ಟಿತು. ಸೈಕಲ್ ತುಳಿಯಲಾಗದೆ ಲೈನು ಬಿಡುವುದೆಂದು ತೀರ್ಮಾನಿಸಿದರು. ಬಿಡುವ ಎರಡು ದಿನ ಮೊದಲು ಒಂದು ಹಾಳೆ ಹಿಡಿದು ಬಂದರು. ನೀಲಿ ಶಾಯಿ, ದಪ್ಪ ದಪ್ಪ ಅಕ್ಷರ, ಸಾಲು ಕೊಂಚ ಇಳಿಜಾರು. ಎರಡು ಕಡೆ ಕಾಗುಣಿತ ತಪ್ಪಿತ್ತು. ಅಭ್ಯಾಸಬಲದಿಂದ ನನ್ನ ಕೈ ಪೆನ್ನಿಗೆ ಹೋಯಿತು. ಅವರು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು.

"ತಿದ್ದಬ್ಯಾಡ್ರಿ ಸರ್. ನೀವು ತಿದ್ದಿದ್ರ ಅದು ನಿಮ್ದಾಗತೈತಿ. ತಿಳೀತೈತೋ ಇಲ್ಲೋ, ಅಷ್ಟು ಹೇಳ್ರಿ."

"ತಿಳಿಯುತ್ತದೆ" ಎಂದೆ.

ಅದನ್ನೇ ಝೆರಾಕ್ಸ್ ಮಾಡಿಸಿದರು, ಲೈನಿನ ಒಂದೊಂದು ಮನೆಗೂ ಒಂದು. ಏಜೆಂಟರು ಓದಿ ಗಾಬರಿಯಾದರು. "ಹೋಗೋ ದಿನ ಯಾಕಪಾ ಇದೆಲ್ಲ? ಸುಮ್ನ ಹೋಗು. ಮಂದಿ ನಗ್ತಾರ" ಎಂದರು. ಪೇಪರಣ್ಣ, "ನಗ್ಲಿ ಬಿಡ್ರಿ. ಈಗ ನಕ್ರ ನಂಗೇನೂ ಆಗಂಗಿಲ್ಲ" ಎಂದರು.

ಕೊನೆಯ ದಿನ ಮೆಟ್ಟಿಲ ಮೇಲೆ ಕುಳಿತು ಅವರು ಚೀಟಿ ಸೇರಿಸುವುದನ್ನು ನಾನು ನೋಡಿದೆ. ಕರಪತ್ರಗಳನ್ನು ಪತ್ರಿಕೆಯ ಒಳಗೆ ಇಡುವುದು ವಾಡಿಕೆ. ಇದನ್ನು ಮೊದಲ ಪುಟದ ಮೇಲೆಯೇ ಇಟ್ಟು, ಹಾರದಂತೆ ಗುಂಡುಸೂಜಿ ಚುಚ್ಚುತ್ತಿದ್ದರು. ನಾನು ನೋಡುತ್ತಿರುವುದನ್ನು ಕಂಡು ಹೇಳಿದರು: "ತಪ್ಪು ಮೊದಲ ಪುಟದ್ದು ಐತಲ್ರಿ ಸರ್."

ಆ ಚೀಟಿಯ ಒಂದು ಪ್ರತಿ ನನ್ನ ಹತ್ತಿರ ಇದೆ. ಅದರಲ್ಲಿ ಹೀಗಿದೆ:

"ಎಲ್ಲರಿಗೂ ನಮಸ್ಕಾರ. ನಾನು ನಿಮ್ಮ ಮನೆಗೆ ಪೇಪರ್ ಹಾಕುವವನು. ಮೊಣಕಾಲು ನೊವು ಇರುವುದರಿಂದ ಇವತ್ತಿಗೆ ಲೈನು ಬಿಡುತ್ತೇನೆ. ನಾಳೆಯಿಂದ ಬೆರೆಯವರು ಬರುತ್ತಾರೆ. ನಾಲ್ಕು ವರ್ಷದ ಹಿಂದೆ ಎಲ್ಲಾ ಪೇಪರಿಗೂ ಒಂದೇ ಮುಖ ಇದ್ದ ದಿನ ನಿಮಗೆ ಬೇರೆ ಪೇಪರ್ ಹಾಕಿದೆ. ವ್ಯಾನಿನ ಖಾಜಾಸಾಬ್ ಬಂಡಲ್ ತಪ್ಪು ಹಾಕಿದರು ಎಂದು ಹೇಳಿದೆ. ಅದು ಸುಳ್ಳು. ಬಂಡಲ್ ಮೇಲೆ ಹೆಸರು ಇತ್ತು. ನನಗೆ ಓದಲು ಬರುತ್ತಿರಲಿಲ್ಲ. ಖಾಜಾಸಾಬ್ ಅವರದು ತಪ್ಪು ಇಲ್ಲ. ಈಗ ನನಗೆ ಓದಲು ಬರೆಯಲು ಬರುತ್ತದೆ. ಈ ಚೀಟಿ ನಾನೇ ಬರೆದಿದ್ದೇನೆ."

ಯಾರೂ ನಗಲಿಲ್ಲ ಎಂದು ಬರೆಯಲಾರೆ, ಕೆಲವರು ನಕ್ಕಿರಬಹುದು. ನನಗೆ ಗೊತ್ತಿರುವುದು ಇಷ್ಟು. ತೆಲುಗು ಓದುವ ಅಕ್ಕಿ ಗಿರಣಿಯ ಮಾಲೀಕರು ಗುಮಾಸ್ತರಿಂದ ಅದನ್ನು ಓದಿಸಿ ಕೇಳಿ, ಮೇಜಿನ ಗಾಜಿನ ಕೆಳಗೆ ಇಟ್ಟರು. ಈಗಲೂ ಅಲ್ಲಿದೆ. ಟೀಚರಮ್ಮ ಮಾತ್ರ ಕೆಂಪು ಪೆನ್ನಿನಿಂದ ಎರಡೂ ತಪ್ಪಿಗೆ ಸುತ್ತು ಹಾಕಿ, ಕೆಳಗೆ ನೂರಕ್ಕೆ ತೊಂಬತ್ತೆಂಟು ಎಂದು ಬರೆದು ವಾಪಸು ಕಳಿಸಿದರು. ಪೇಪರಣ್ಣ ಆ ಪ್ರತಿಗೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದರು.

ಒಂದು ಪ್ರತಿ ಉಳಿದಿತ್ತು. ಮಾರನೆಯ ದಿನ ನನ್ನನ್ನು ಕರೆದುಕೊಂಡು ಕುರೆಕುಪ್ಪದ ಬಸ್ಸು ಹತ್ತಿದರು. "ನೀವು ಸುಮ್ನ ನಿಂತು ನೋಡ್ರಿ. ಅವ ಹೊಡದ್ರ ಬರಕೊಳ್ರಿ" ಎಂದರು. ದಾರಿಯುದ್ದಕ್ಕೂ ಕೆಂಪು ಧೂಳು ಹೊತ್ತ ಲಾರಿಗಳು. ಪ್ರತಿ ಲಾರಿಯ ಹಿಂದೆ ಬರೆದದ್ದನ್ನು ಅವರು ತುಟಿ ಅಲುಗಿಸುತ್ತ ಓದುತ್ತಿದ್ದರು; ಕೈ ಮಾತ್ರ ಜೇಬಿನಲ್ಲಿದ್ದ ಚೀಟಿಯ ಮೇಲಿತ್ತು.

ಮಧ್ಯಾಹ್ನದ ಪಾಳಿಯ ಹೊತ್ತು. ಖಾಜಾಸಾಬರ ಬಸ್ಸು ರಸ್ತೆಯ ಬದಿಗೆ ನಿಂತಿತ್ತು, ಕಾರ್ಮಿಕರು ಹತ್ತುತ್ತಿದ್ದರು. ಖಾಜಾಸಾಬ್ ಕೆಳಗೆ ನಿಂತು ಟೈರು ನೋಡುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಪೇಪರಣ್ಣನನ್ನು ಕಂಡು ಕೈ ಒರೆಸಿಕೊಂಡರು. ಕೂರಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಪೇಪರಣ್ಣ ಚೀಟಿ ಮುಂದೆ ಹಿಡಿದರು.

"ಏನಿದು?"

"ಓದು. ಎಲ್ಲಾರ ಮನಿಗೂ ಹಾಕೀನಿ. ನಿಂದು ಇದು."

ಖಾಜಾಸಾಬ್ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿದರು. ಅವರ ಮುಖದಲ್ಲಿ ಏನು ಹಾದುಹೋಯಿತು ಎಂದು ಹೇಳಲಾರೆ. ಹಾಳೆಯನ್ನು ವಾಪಸು ಕೊಟ್ಟರು.

"ನೀನ ಓದು."

ಪೇಪರಣ್ಣ ಓದಿದರು. ಬಸ್ಸಿನ ಪಕ್ಕದಲ್ಲಿ ನಿಂತು, ಗಟ್ಟಿಯಾಗಿ, ಟೀಚರಮ್ಮನ ಗೇಟಿನಲ್ಲಿ ಓದುತ್ತಿದ್ದಂತೆ. 'ಅದು ಸುಳ್ಳು' ಎಂಬಲ್ಲಿ ನಿಂತರು. ಮತ್ತೆ ಹಿಂದಿನ ಸಾಲಿನಿಂದ ಶುರು ಮಾಡಿದರು. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು.

ಮುಗಿದ ಮೇಲೆ ಖಾಜಾಸಾಬ್, "ಇನ್ನೊಮ್ಮೆ ಓದು" ಎಂದರು.

ಇನ್ನೊಮ್ಮೆ ಓದಿದರು. ಈ ಸಲ ಎಲ್ಲೂ ನಿಲ್ಲಲಿಲ್ಲ.

ಖಾಜಾಸಾಬ್ ಹತ್ತಿರ ಬಂದರು. "ಯಾವಾಗ ಕಲ್ತಿ?"

"ನೀ ಹೋದ ಮ್ಯಾಲೆ."

"ಐವತ್ತು ದಾಟಿದ ಮ್ಯಾಲ?"

"ಹ್ಞೂ."

"ಖರೇ ಬರದಿ. ಆದ್ರ ಪೂರ್ತಿ ಬರದಿಲ್ಲ ನೀನು." ಬೆರಳಿನಿಂದ ಹಾಳೆಯನ್ನು ತಟ್ಟಿದರು. "ಆವತ್ತು ಮೆಟ್ಟಲ ಮ್ಯಾಲ ಸರಿ ಇಡದ ಸುರುವಿ ಹೋದವ ನಾನ. ನಿನಗ ಓದಾಕ ಬರಂಗಿಲ್ಲ ಅಂತ ನನಗೇನು ಗೊತ್ತಿತ್ತಲೇ? ಅದೂ ಇರಲಿ. ನಿನ್ನೊಬ್ಬನ ಮ್ಯಾಲೆ ಯಾಕ ಹಾಕ್ಕೊಂತಿ? ಬರಿ ಅದನ್ನೂ."

ಪೇಪರಣ್ಣ ಜೇಬಿನಿಂದ ಪೆನ್ನು ತೆಗೆದರು. ಬಸ್ಸಿನ ಮೆಟ್ಟಿಲ ಮೇಲೆ ಕುಳಿತು, ನೋಯುವ ಮೊಣಕಾಲಿನ ಮೇಲೆ ಹಾಳೆ ಇಟ್ಟು, ಕೊನೆಯ ಸಾಲಿನ ಕೆಳಗೆ ಬರೆಯಲು ಶುರು ಮಾಡಿದರು. ಒಂದು ಪದ. ತಲೆ ಎತ್ತಿ ಯೋಚಿಸಿದರು. ಇನ್ನೊಂದು ಪದ. ಕಾರ್ಖಾನೆಯ ಸೈರನ್ ಕೂಗಿತು.

ಒಳಗಿನಿಂದ ಯಾರೋ ಕೂಗಿದರು: "ಭಾಯ್, ಟೈಮಾತು! ಗೇಟ್ ಹಾಕ್ತಾರ, ಜಲ್ದಿ ಬರ್ರಿ!"

ಖಾಜಾಸಾಬ್ ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದರು.

"ತಡೀರಿ ಸ್ವಲ್ಪ. ಅಂವ ಬರಿಯಾಕತ್ತಾನ."